ಕೈಯಿಂದ ಒತ್ತಿ ದುಗ್ಧರಸವನ್ನು ಹರಿಸಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ?

ಡಲ್ಲಾಸ್‌ವಾಸಿ

ನಮ್ಮ ಅತ್ತೆಯವರು ಹಾಸನದಿಂದ ಬಂದು ನಮ್ಮೊಡನೆ ಇದ್ದಾಗ ನ್ಯುಮೋನಿಯಾ ಆಗಿ ಇಲ್ಲಿನ ಆಸ್ಪತ್ರೆಗೆ ಸೇರಬೇಕಾಯಿತು. ಅವರನ್ನು ನೋಡಿಕೊಂಡ ವೈದ್ಯರು ಎಂ.ಡಿ. ಅಲ್ಲ, ಡಿ.ಓ., ಅಂದರೆ ಆಸ್ಟಿಯೋಪಥಿ ಕಾಲೇಜಿನಲ್ಲಿ ಓದಿದವರು. ಆಂಟಿಬಯಾಟಿಕ್, ಆಮ್ಲಜನಕ ಎಲ್ಲವೂ ಎಂದಿನಂತೆಯೇ ನಡೆದವು. ಅವುಗಳ ಜೊತೆಗೆ ಆ ವೈದ್ಯರು ಪಕ್ಕೆಲುಬುಗಳನ್ನು ಬೆನ್ನಿನ ಕಡೆಯಿಂದ ಮೃದುವಾಗಿ ಎತ್ತುವುದು, ಎದೆಯ ಮೇಲ್ಭಾಗವನ್ನು ಒಂದೇ ಲಯದಲ್ಲಿ ಒತ್ತಿ ಬಿಡುವುದು, ಪಾದಗಳನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಅಲುಗಿಸುವುದು, ಹೀಗೆ ಕೆಲವು ಕ್ರಮಗಳನ್ನು ಕೈಯಿಂದ ಮಾಡುತ್ತಿದ್ದರು. ಇದರಿಂದ ದುಗ್ಧರಸದ (ಲಿಂಫ್) ಹರಿವು ಹೆಚ್ಚಿ ರೋಗನಿರೋಧಕ ವ್ಯವಸ್ಥೆ ಚುರುಕಾಗುತ್ತದೆ ಎಂಬುದು ಅವರ ವಿವರಣೆಯಾಗಿತ್ತು.

ಅತ್ತೆಯವರು ಗುಣವಾಗಿ ಊರಿಗೆ ಮರಳಿದ್ದಾರೆ. ಈಗ ಬೆಂಗಳೂರಿನಲ್ಲಿರುವ ನಮ್ಮ ನಾದಿನಿ, ಅಲ್ಲಿನ ಒಂದು ಕೇಂದ್ರದಲ್ಲಿ ಇದೇ ಬಗೆಯ ಚಿಕಿತ್ಸೆಯನ್ನು ಆರೋಗ್ಯವಂತರಿಗೂ 'ಇಮ್ಯುನಿಟಿ ಪ್ಯಾಕೇಜ್' ಎಂದು ಕೊಡುತ್ತಾರಂತೆ, ಅಮ್ಮನನ್ನು ಕರೆದೊಯ್ಯಲೇ ಎಂದು ಕೇಳುತ್ತಿದ್ದಾಳೆ. ಇದಕ್ಕೆ ನಿಜವಾದ ಆಧಾರ ಎಷ್ಟಿದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಮೇಷ್ಟ್ರು, ಮೈಸೂರು

ಶರೀರಕ್ರಿಯಾಶಾಸ್ತ್ರವನ್ನು ಬಹುಕಾಲ ಕಲಿಸಿದವನಾದ್ದರಿಂದ ಮೊದಲು ಅಡಿಪಾಯದ ಮಾತನ್ನು ಹೇಳುತ್ತೇನೆ. ರಕ್ತದ ಲೋಮನಾಳಗಳಿಂದ ಸೋರಿ ಅಂಗಾಂಶಗಳ ನಡುವೆ ಉಳಿದ ದ್ರವ, ಪ್ರೋಟೀನು ಮತ್ತು ಅಲ್ಲಿ ಅಲೆಯುತ್ತಿರುವ ಬಿಳಿ ರಕ್ತಕಣಗಳು ದುಗ್ಧನಾಳಗಳನ್ನು ಸೇರಿ, ದುಗ್ಧಗ್ರಂಥಿಗಳ ಮೂಲಕ ಹಾದು, ಕೊನೆಗೆ ಬಹುಪಾಲು ಎದೆಯ ಮಹಾದುಗ್ಧನಾಳದ ಮೂಲಕ ಎಡ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಮರಳುತ್ತವೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಹೀಗೆ ಮರಳುವ ದ್ರವ ಗಂಟೆಗೆ ಸುಮಾರು 120 ಮಿಲಿಲೀಟರು, ಅಂದರೆ ದಿನಕ್ಕೆ 2ರಿಂದ 3 ಲೀಟರು. ಈ ವ್ಯವಸ್ಥೆಗೆ ಹೃದಯದಂಥ ಒಂದು ಕೇಂದ್ರ ಪಂಪು ಇಲ್ಲ. ದುಗ್ಧನಾಳಗಳ ಗೋಡೆಗಳು ತಾವೇ ಸಂಕೋಚಿಸುತ್ತವೆ, ಒಳಗಿನ ಕವಾಟಗಳು ಹಿಂದಕ್ಕೆ ಹರಿಯಲು ಬಿಡುವುದಿಲ್ಲ, ಸ್ನಾಯುಗಳ ಚಲನೆಯೂ ಉಸಿರಾಟದಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರ) ಏರಿಳಿತವೂ ಉಳಿದ ನೆರವನ್ನು ಒದಗಿಸುತ್ತವೆ. ಆದ್ದರಿಂದ ಎದೆಯನ್ನೋ ಹೊಟ್ಟೆಯನ್ನೋ ಲಯವಾಗಿ ಒತ್ತಿದರೆ ದುಗ್ಧರಸ ಬೇಗ ಹರಿಯುತ್ತದೆ ಎಂಬ ಮಾತಿನಲ್ಲಿ ಅಸಂಬದ್ಧವಾದುದು ಏನೂ ಇಲ್ಲ.

ಆದರೆ 'ಹರಿವು ಹೆಚ್ಚುತ್ತದೆ' ಎಂಬುದರಿಂದ 'ರೋಗನಿರೋಧಕ ಶಕ್ತಿ ಹೆಚ್ಚುತ್ತದೆ' ಎಂಬುದಕ್ಕೆ ಹೋಗುವ ದಾರಿ ಉದ್ದವಾದುದು, ಮತ್ತು ಆ ದಾರಿಯ ಪ್ರತಿಯೊಂದು ಮಜಲಿಗೂ ಬೇರೆ ಬೇರೆ ಪುರಾವೆ ಬೇಕು.

ಮಿಸ್ಸೂರಿ ಕನ್ನಡಿಗ

ನಾನು ಇಲ್ಲಿ ಡಿ.ಓ. ಪದವಿ ಪಡೆದು ರೆಸಿಡೆನ್ಸಿಯಲ್ಲಿರುವವನು. ಮೊದಲಿಗೆ ಒಂದು ಸ್ಪಷ್ಟನೆ. ಅಮೆರಿಕದಲ್ಲಿ ಡಿ.ಓ. ಎಂದರೆ ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪರವಾನಗಿಯ ವೈದ್ಯ. ಬ್ರಿಟನ್ನಿನಲ್ಲಿ ಮತ್ತು ಇತರ ಹಲವು ದೇಶಗಳಲ್ಲಿ ಆಸ್ಟಿಯೋಪಾತ್ ಎಂದರೆ ಕೈಚಿಕಿತ್ಸೆಯನ್ನಷ್ಟೇ ಮಾಡುವವರು. ಆದ್ದರಿಂದ ನಿಮ್ಮ ಅತ್ತೆಯವರನ್ನು ನೋಡಿದವರ ತರಬೇತಿಯನ್ನೂ ಬೆಂಗಳೂರಿನ ಆ ಕೇಂದ್ರದವರ ತರಬೇತಿಯನ್ನೂ ಒಂದೇ ಎಂದು ಎಣಿಸಬೇಡಿ.

ಆಂಡ್ರೂ ಟೇಲರ್ ಸ್ಟಿಲ್ ಈ ಪದ್ಧತಿಯನ್ನು ಸಾರಿದ್ದು 1874ರಲ್ಲಿ, ನಮ್ಮ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದದ್ದು 1892ರಲ್ಲಿ. ಎದೆಯನ್ನು ಲಯವಾಗಿ ಒತ್ತುವ 'ಲಿಂಫ್ಯಾಟಿಕ್ ಪಂಪ್' ಎಂಬ ಕ್ರಮವನ್ನು 1920ರ ದಶಕದಲ್ಲಿ ರೂಪಿಸಿದವರು ಅರ್ಲ್ ಮಿಲ್ಲರ್. ಬಹುಕಾಲ ಅದು ಕೇವಲ ನಂಬಿಕೆಯ ಮೇಲೆ ನಡೆಯಿತು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಲಿಸಾ ಹಾಡ್ಜ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರಯೋಗಶಾಲೆಗೆ ತಂದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅರಿವಳಿಕೆ ಕೊಟ್ಟ ನಾಯಿಗಳ ಮಹಾದುಗ್ಧನಾಳಕ್ಕೆ ಕೊಳವೆ ಹಾಕಿ ಹೊಟ್ಟೆಯನ್ನು ಲಯವಾಗಿ ಒತ್ತಿದಾಗ, ಹರಿವು ನಿಮಿಷಕ್ಕೆ ಸುಮಾರು 1 ಮಿಲಿಲೀಟರಿನಿಂದ 4 ಮಿಲಿಲೀಟರಿಗೆ ಏರಿತು. ಪ್ರತಿ ಮಿಲಿಲೀಟರಿನಲ್ಲಿದ್ದ ಬಿಳಿ ರಕ್ತಕಣಗಳ ಸಂಖ್ಯೆಯೂ ಎರಡು ಪಟ್ಟಿಗಿಂತ ಹೆಚ್ಚಾಯಿತು. ಇದು ಗಮನಿಸಬೇಕಾದ ಸಂಗತಿ, ಏಕೆಂದರೆ ಬರೀ ದ್ರವ ಹೆಚ್ಚಿದ್ದರೆ ಕಣಗಳ ಸಾಂದ್ರತೆ ಇಳಿಯಬೇಕಿತ್ತು. ಕಣಗಳು ಎಲ್ಲಿಂದ ಬಂದವು ಎಂದು ಮುಂದೆ ಹುಡುಕಿದಾಗ, ಕರುಳಿನ ಸುತ್ತಲಿನ ದುಗ್ಧ ಅಂಗಾಂಶದಿಂದ ಅವು ಹೊರಬೀಳುತ್ತವೆ ಎಂಬುದು ಕಂಡಿತು.

ಆ ಬಳಿಕ ಶ್ವಾಸಕೋಶಕ್ಕೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿದ ಇಲಿಗಳಿಗೆ ದಿನಕ್ಕೆ ಕೆಲವೇ ನಿಮಿಷಗಳಂತೆ ಈ ಚಿಕಿತ್ಸೆ ಕೊಟ್ಟು ನೋಡಿದರು. ಚಿಕಿತ್ಸೆ ಪಡೆದ ಇಲಿಗಳ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಉಳಿದವುಗಳಿಗಿಂತ ಕಡಿಮೆಯಿತ್ತು. ಹಾಗಾಗಿ ಇದನ್ನು ಬರೀ ಮಸಾಜು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ತಳ್ಳಿಹಾಕುತ್ತಿಲ್ಲ, ಡಾಕ್ಟರೇ. ಆ ಪ್ರಯೋಗಗಳು ಅಚ್ಚುಕಟ್ಟಾದವು, ನಾನೂ ಓದಿದ್ದೇನೆ. ಆದರೆ ಅವುಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಬೇರ್ಪಡಿಸೋಣ.

ಕೆರೆಯ ತೂಬನ್ನು ಎತ್ತಿದರೆ ನಾಲೆಯಲ್ಲಿ ನೀರು ಹೆಚ್ಚುತ್ತದೆ, ಕೆರೆಯಲ್ಲಿ ಹೆಚ್ಚುವುದಿಲ್ಲ. ಗ್ರಂಥಿಗಳಲ್ಲಿ ಇದ್ದ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ನಾಳಕ್ಕೆ ಬಂದವು, ಅಷ್ಟೇ. ಹೊಸ ಕಣಗಳು ಹುಟ್ಟಲಿಲ್ಲ. ಜೊತೆಗೆ ಈ ಪರಿಣಾಮ ಅಲ್ಪಕಾಲದ್ದು. ಒತ್ತುವುದನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಹರಿವೂ ಕಣಗಳ ಸಂಖ್ಯೆಯೂ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ ಎಂದು ಅದೇ ತಂಡವೇ ದಾಖಲಿಸಿದೆ.

ಇನ್ನೂ ಮುಖ್ಯವಾದ ಒಂದು ವಿಷಯವಿದೆ. ಲಿಂಫೋಸೈಟುಗಳು ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ದುಗ್ಧನಾಳಕ್ಕೆ, ಅಲ್ಲಿಂದ ಮತ್ತೆ ರಕ್ತಕ್ಕೆ ನಿರಂತರವಾಗಿ ಸುತ್ತುತ್ತಿರುತ್ತವೆ ಎಂಬುದನ್ನು ಆಕ್ಸ್‌ಫರ್ಡ್‌ನ ಜೇಮ್ಸ್ ಗೋವನ್ಸ್ 1950ರ ದಶಕದ ಕೊನೆಯಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಟಿ ಕಣ ಎಂಬ ಬಗೆಯ ಲಿಂಫೋಸೈಟೊಂದು ಗ್ರಂಥಿಯೊಳಗೆ ಅರ್ಧ ದಿನವೋ ಒಂದು ದಿನವೋ ತಂಗಿ, ತನಗೆ ಹೊಂದುವ ರೋಗಾಣುವಿನ ತುಣುಕು ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಹೊರಡುತ್ತದೆ. ಸೋಂಕಿನ ಆರಂಭದಲ್ಲಿ ದೇಹವು ಇಂಟರ್‌ಫೆರಾನ್ ಎಂಬ ಸಂಕೇತದ ಮೂಲಕ ಈ ಹೊರಹೋಗುವ ಬಾಗಿಲನ್ನು ತಾನೇ ಕೆಲಕಾಲ ಮುಚ್ಚುತ್ತದೆ. ಸರಿಯಾದ ಕಣ ಸರಿಯಾದ ತುಣುಕನ್ನು ಗುರುತಿಸಲು ಹೆಚ್ಚು ಸಮಯ ಸಿಗಲಿ ಎಂಬುದೇ ಇದರ ಪ್ರಯೋಜನ ಎಂದು ತೋರುತ್ತದೆ. ಹಾಗಿರುವಾಗ ಕಣಗಳನ್ನು ಬೇಗ ಹೊರದೂಡುವುದು ಯಾವಾಗಲೂ ಒಳ್ಳೆಯದೇ ಆಗಿರಬೇಕು ಎಂದು ಮೊದಲೇ ಒಪ್ಪಿಕೊಳ್ಳಲು ಆಗದು. ಅದು ಒಳ್ಳೆಯದಾಗಿರಲೂಬಹುದು, ಇಲಿಗಳ ಫಲಿತಾಂಶ ಆ ಕಡೆಗೇ ಬೆರಳು ತೋರಿಸುತ್ತದೆ. ಆದರೆ 'ಬಿಳಿ ರಕ್ತಕಣ ಹೆಚ್ಚಿತು, ಆದ್ದರಿಂದ ಶಕ್ತಿ ಹೆಚ್ಚಿತು' ಎಂಬ ಜಾಹೀರಾತಿನ ತರ್ಕ ಇಲ್ಲಿ ಸಲ್ಲದು.

ಕೊನೆಯದಾಗಿ, ಎಚ್ಚರವಿರುವ ನಾಯಿಗಳ ಮೇಲೆ 2005ರಲ್ಲಿ ನಡೆದ ಅಳತೆಯಲ್ಲಿ ಎದೆಯ ಪಂಪು, ಹೊಟ್ಟೆಯ ಪಂಪು ಎರಡನ್ನೂ ಟ್ರೆಡ್‌ಮಿಲ್ ಮೇಲಿನ ನಡಿಗೆಯೊಂದಿಗೆ ಹೋಲಿಸಿದ್ದರು. ಹರಿವು ನಡಿಗೆಯಿಂದಲೂ ಅವುಗಳಿಗೆ ಕಡಿಮೆಯಿಲ್ಲದಂತೆ ಏರಿತ್ತು. ಆರೋಗ್ಯವಂತರಿಗೆ ಹಣ ಪಡೆದು ಇದನ್ನು ಮಾಡುವವರು ಈ ಒಂದು ವಾಕ್ಯವನ್ನು ತಮ್ಮ ಗೋಡೆಯ ಮೇಲೆ ಬರೆಸುವರೇ?

ಎಣಿಕೆಗಾರ

ನಾಯಿ, ಇಲಿಗಳ ಮಾತು ಸಾಕು, ಮನುಷ್ಯರ ಮೇಲೆ ನಡೆದ ಪರೀಕ್ಷೆಗೆ ಬರೋಣ. ಮೂಲ ಪ್ರಶ್ನೆ ನ್ಯುಮೋನಿಯಾದ ಕುರಿತಾದುದು, ಮತ್ತು ಅದೃಷ್ಟವಶಾತ್ ಈ ಕ್ಷೇತ್ರದ ಅತ್ಯುತ್ತಮ ಪರೀಕ್ಷೆಯೂ ಅದರ ಮೇಲೆಯೇ ನಡೆದಿದೆ.

2000ದಲ್ಲಿ ಡೊನಾಲ್ಡ್ ನೋಲ್ ಮತ್ತು ಸಂಗಡಿಗರು ಆಸ್ಪತ್ರೆಗೆ ಸೇರಿದ 58 ಮಂದಿ ವೃದ್ಧರ ಮೇಲೆ ನಡೆಸಿದ ಸಣ್ಣ ಪರೀಕ್ಷೆಯನ್ನು ಪ್ರಕಟಿಸಿದರು. ಕೈಚಿಕಿತ್ಸೆ ಪಡೆದವರು ಸರಾಸರಿ 6.6 ದಿನ, ಕೇವಲ ಹಗುರವಾದ ಸ್ಪರ್ಶವನ್ನು ಪಡೆದವರು 8.6 ದಿನ ಆಸ್ಪತ್ರೆಯಲ್ಲಿದ್ದರು. ಎರಡು ದಿನಗಳ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ 7 ಆಸ್ಪತ್ರೆಗಳಲ್ಲಿ, 50 ವರ್ಷ ದಾಟಿದ 406 ರೋಗಿಗಳನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಯಿತು; ಅದರ ಫಲಿತಾಂಶ 2010ರಲ್ಲಿ ಬಂದಿತು. ಇದರಲ್ಲಿ ಚೀಟಿ ಎತ್ತಿ ಹಂಚಿದ ಮೂರು ಗುಂಪುಗಳಿದ್ದವು. ಒಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ, ಎರಡನೆಯದಕ್ಕೆ ಅದರ ಜೊತೆಗೆ ಹಗುರ ಸ್ಪರ್ಶ, ಮೂರನೆಯದಕ್ಕೆ ಪಕ್ಕೆಲುಬು ಎತ್ತುವುದು, ವಪೆಯನ್ನು ಸಡಿಲಿಸುವುದು, ಎದೆಯ ಮತ್ತು ಪಾದದ ಪಂಪು ಇತ್ಯಾದಿಗಳಿದ್ದ ಪೂರ್ಣ ಕೈಚಿಕಿತ್ಸೆ. ಸ್ಪರ್ಶವಾಗಲಿ ಕೈಚಿಕಿತ್ಸೆಯಾಗಲಿ ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ 15 ನಿಮಿಷ.

ಯಾವ ಗುಂಪಿಗೆ ಚೀಟಿ ಬಿದ್ದಿತೋ ಆ ಗುಂಪಿನಲ್ಲೇ ಎಲ್ಲರನ್ನೂ ಲೆಕ್ಕಹಾಕಿದಾಗ, ಅಂದರೆ ವಿಶ್ಲೇಷಣೆಗೆ ಸೇರಿದ 387 ಮಂದಿಯ ಲೆಕ್ಕದಲ್ಲಿ, ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿಗದಿಯಾದ ಚಿಕಿತ್ಸೆಯನ್ನು ಕ್ರಮವಾಗಿ ಪೂರೈಸಿದ 318 ಮಂದಿಯನ್ನು ಮಾತ್ರ ತೆಗೆದುಕೊಂಡಾಗ, ಆಸ್ಪತ್ರೆ ವಾಸದ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ನಡುವಿನ ಅಂಕಿ) ಎಂದಿನ ಚಿಕಿತ್ಸೆಯವರಿಗೆ 4.5 ದಿನ, ಹಗುರ ಸ್ಪರ್ಶದವರಿಗೆ 3.9 ದಿನ, ಕೈಚಿಕಿತ್ಸೆಯವರಿಗೆ 3.5 ದಿನ ಆಗಿತ್ತು. ಕೈಚಿಕಿತ್ಸೆಗೂ ಎಂದಿನ ಚಿಕಿತ್ಸೆಗೂ ಇರುವ ಅಂತರ ಅಂಕಿಅಂಶದ ದೃಷ್ಟಿಯಿಂದ ನಿಲ್ಲುತ್ತದೆ. ಕೈಚಿಕಿತ್ಸೆಗೂ ಹಗುರ ಸ್ಪರ್ಶಕ್ಕೂ ಇರುವ ಅಂತರ ನಿಲ್ಲುವುದಿಲ್ಲ.

ಈ ಎರಡನೆಯ ಅಂಶದ ಮೇಲೆಯೇ ಇಡೀ ಚರ್ಚೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ದುಗ್ಧರಸವನ್ನು ಹರಿಸುವುದೇ ಫಲಕ್ಕೆ ಕಾರಣವಾಗಿದ್ದರೆ, ದುಗ್ಧರಸವನ್ನು ಹರಿಸದ ಬರಿಯ ಸ್ಪರ್ಶಕ್ಕಿಂತ ಪಂಪು ಸ್ಪಷ್ಟವಾಗಿ ಮೇಲಾಗಿರಬೇಕಿತ್ತು. ಸಣ್ಣ ಪರೀಕ್ಷೆಯಲ್ಲಿ ಎರಡು ದಿನವಾಗಿದ್ದ ಅಂತರ ದೊಡ್ಡ ಪರೀಕ್ಷೆಯಲ್ಲಿ ಅರ್ಧ ದಿನಕ್ಕಿಂತ ಕಡಿಮೆಯಾಗಿ, ಅದೂ ಆಕಸ್ಮಿಕವಿರಬಹುದಾದ ಮಟ್ಟಕ್ಕೆ ಕುಗ್ಗಿತು. ವಯಸ್ಕರ ನ್ಯುಮೋನಿಯಾದಲ್ಲಿ ಎದೆಯ ಭೌತಚಿಕಿತ್ಸೆಯನ್ನು ಪರಿಶೀಲಿಸಿದ, ಹಲವು ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಮೀಕ್ಷೆಯೂ, ಆಸ್ಟಿಯೋಪಥಿ ಕ್ರಮಗಳಿಂದ ಆಸ್ಪತ್ರೆ ವಾಸ ಸ್ವಲ್ಪ ತಗ್ಗಬಹುದಾದರೂ ಸಾವಿನ ಪ್ರಮಾಣ ತಗ್ಗಿದ್ದಕ್ಕೆ ಪುರಾವೆ ಇಲ್ಲ, ಎಲ್ಲರಿಗೂ ವಾಡಿಕೆಯಾಗಿ ಕೊಡಿ ಎನ್ನುವಷ್ಟು ಬಲವೂ ಇಲ್ಲ ಎಂದಿತು.

ಮಿಸ್ಸೂರಿ ಕನ್ನಡಿಗ

ಅಂಕಿಗಳು ಸರಿಯಾಗಿವೆ. ಆದರೆ ಹಗುರ ಸ್ಪರ್ಶವನ್ನು ನೀವು ಸೊನ್ನೆ ಎಂದು ಗಣಿಸುತ್ತಿದ್ದೀರಿ. ಕೈಚಿಕಿತ್ಸೆ ಮಾಡುವ ಜಾಗಗಳಲ್ಲೇ, ಅಷ್ಟೇ ಹೊತ್ತು, ತರಬೇತಾದವರೊಬ್ಬರು ದಿನಕ್ಕೆರಡು ಬಾರಿ ಪಕ್ಕದಲ್ಲಿದ್ದು ರೋಗಿಯನ್ನು ಮುಟ್ಟಿ ಹೊರಳಿಸುತ್ತಾರೆ. ರೋಗಿ ಆಳವಾಗಿ ಉಸಿರಾಡುತ್ತಾನೆ, ಒತ್ತಡ ಇಳಿಯುತ್ತದೆ. ಅದು ಗುಳಿಗೆಯ ಬದಲು ಕೊಡುವ ಸಕ್ಕರೆ ಗುಳಿಗೆಯಂತೆ ನಿಷ್ಕ್ರಿಯವಾದುದಲ್ಲ. ಇನ್ನು ಪೂರೈಸಿದವರ ಲೆಕ್ಕವನ್ನು ಸಂಪೂರ್ಣ ಕಡೆಗಣಿಸುವುದೂ ಸರಿಯಲ್ಲ, ಏಕೆಂದರೆ ಎರಡೇ ಬಾರಿ ಚಿಕಿತ್ಸೆ ಪಡೆದು ಬಿಟ್ಟವರಲ್ಲಿ ಫಲವನ್ನು ನಿರೀಕ್ಷಿಸುವುದು ಹೇಗೆ?

ಎಣಿಕೆಗಾರ

ನಿಮ್ಮ ಮೊದಲ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಅದು ನಿಮ್ಮ ವಾದಕ್ಕೇ ತೊಡಕು. ಸ್ಪರ್ಶ, ಗಮನ ಮತ್ತು ಆಳ ಉಸಿರಾಟದಿಂದ ಒಳ್ಳೆಯದಾಗುವುದಾದರೆ ದಾದಿಯೂ ಮನೆಯವರೂ ಅದನ್ನು ಮಾಡಬಹುದು. ಅದಕ್ಕೆ ದುಗ್ಧರಸದ ಸಿದ್ಧಾಂತ ಬೇಕಾಗುವುದಿಲ್ಲ. ಎರಡನೆಯ ಮಾತಿಗೆ ಬಂದರೆ, ಚಿಕಿತ್ಸೆಯನ್ನು ಪೂರೈಸದೆ ಹೊರಬಿದ್ದವರಲ್ಲಿ ಹೆಚ್ಚು ನಿತ್ರಾಣರಾದವರೂ ನೋವು ತಾಳಲಾರದವರೂ ಇರುವ ಸಂಭವವಿದೆ. ಅವರನ್ನು ಬಿಟ್ಟು ಲೆಕ್ಕಹಾಕಿದರೆ ಉಳಿದ ಗುಂಪು ತಾನಾಗಿಯೇ ಗಟ್ಟಿಯಾಗಿ ಕಾಣುತ್ತದೆ. ಚೀಟಿ ಎತ್ತುವ ಶ್ರಮವನ್ನೆಲ್ಲ ಪಡುವುದು ಈ ಪಕ್ಷಪಾತವನ್ನು ತಪ್ಪಿಸಲಿಕ್ಕಲ್ಲವೇ?

ಹಳೇ ಪುಟಗಳು

1918ರ ಇನ್‌ಫ್ಲುಯೆಂಜಾ ಮಹಾಮಾರಿಯನ್ನು ಯಾರೂ ಪ್ರಸ್ತಾಪಿಸಲಿಲ್ಲವೇಕೆ? ಆಗ ಆಸ್ಟಿಯೋಪಾತ್‌ಗಳು ಚಿಕಿತ್ಸೆ ನೀಡಿದ 1,10,120 ರೋಗಿಗಳಲ್ಲಿ ಸತ್ತವರು 257 ಮಂದಿ ಮಾತ್ರ ಎಂಬ ಲೆಕ್ಕವನ್ನು ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಅದು ಶೇಕಡಾ 0.25ರಷ್ಟೂ ಇಲ್ಲ. ಆಂಟಿಬಯಾಟಿಕ್‌ಗಳೇ ಇಲ್ಲದ ಕಾಲದಲ್ಲಿ ಇದು ಅಚ್ಚರಿಯಲ್ಲವೇ?

ಎಣಿಕೆಗಾರ

ಅಚ್ಚರಿಯೇ, ಆದರೆ ಪುರಾವೆಯಲ್ಲ. ಆ ಲೆಕ್ಕವು ಸುಮಾರು 2,400 ಆಸ್ಟಿಯೋಪಾತ್‌ಗಳು ಪ್ರಶ್ನಾವಳಿಗೆ ತಾವೇ ಬರೆದುಕೊಟ್ಟ ಉತ್ತರಗಳ ಮೊತ್ತ. ಯಾರು ಉತ್ತರಿಸಲಿಲ್ಲ, ಸಾಮಾನ್ಯ ನೆಗಡಿಯನ್ನು ಎಷ್ಟು ಮಂದಿ ಇನ್‌ಫ್ಲುಯೆಂಜಾ ಎಂದು ಎಣಿಸಿದರು, ಕೈಮೀರಿದ ರೋಗಿ ಬೇರೆ ಆಸ್ಪತ್ರೆಗೆ ಹೋಗಿ ಸತ್ತರೆ ಆ ಸಾವು ಯಾರ ಖಾತೆಗೆ ಸೇರಿತು ಎಂಬುದನ್ನೆಲ್ಲ ಅದರಿಂದ ತಿಳಿಯಲಾಗದು. ವೈರಸ್ಸನ್ನು ಪತ್ತೆಹಚ್ಚುವ ಪರೀಕ್ಷೆಯಂತೂ ಆಗ ಇರಲೇ ಇಲ್ಲ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗಕ್ಕೆ ಡಿ.ಓ.ಗಳನ್ನು ಸೇರಿಸಿಕೊಂಡಿರಲಿಲ್ಲ. ಯುವಕರು ಗುಂಪುಗುಂಪಾಗಿ ಸತ್ತ ಸೈನಿಕ ಶಿಬಿರಗಳ ರೋಗಿಗಳು ಆ ಪಟ್ಟಿಯಲ್ಲಿ ಇರುವ ಸಂಭವವೇ ಕಡಿಮೆ, ಹೋಲಿಸಲು ತೆಗೆದುಕೊಂಡ ಸಾವಿನ ಅಂಕಿಗಳಲ್ಲಿ ಮಾತ್ರ ಅಂಥವರೂ ಇದ್ದಾರೆ.

ಮಿಸ್ಸೂರಿ ಕನ್ನಡಿಗ

1918ರ ಲೆಕ್ಕವನ್ನು ನಾನೂ ಪುರಾವೆ ಎಂದು ಮುಂದಿಡುವುದಿಲ್ಲ. ಲಸಿಕೆಯ ಅಧ್ಯಯನವನ್ನು ಮುಂದಿಡುತ್ತೇನೆ. 1998ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೆಪಟೈಟಿಸ್ ಬಿ ಲಸಿಕೆ ಪಡೆದ 39 ಮಂದಿಯಲ್ಲಿ ಒಂದು ಗುಂಪಿಗೆ ಎದೆಯ ಪಂಪು ಮತ್ತು ಗುಲ್ಮದ (ಸ್ಪ್ಲೀನ್) ಪಂಪು ಮಾಡಲಾಯಿತು. 13ನೆಯ ವಾರದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 50 ಮಂದಿ, ಪಡೆಯದವರಲ್ಲಿ ಶೇಕಡಾ 16 ಮಂದಿ ರಕ್ಷಣೆಗೆ ಸಾಕಾಗುವಷ್ಟು ಪ್ರತಿಕಾಯಗಳನ್ನು ಹೊಂದಿದ್ದರು. ರೋಗನಿರೋಧಕ ವ್ಯವಸ್ಥೆಯನ್ನು ನೇರವಾಗಿ ಅಳೆದ ಮಾನವ ಪ್ರಯೋಗ ಇದು.

ನಿವೃತ್ತ ಮೇಷ್ಟ್ರು, ಮೈಸೂರು

ಶೇಕಡಾವಾರನ್ನು ಬಿಡಿಸಿ ನೋಡಿದರೆ 20ರಲ್ಲಿ 10 ಮಂದಿ, 19ರಲ್ಲಿ 3 ಮಂದಿ. ಅದರ ಕರ್ತೃಗಳೇ ಅದನ್ನು ಪ್ರಾಥಮಿಕ ಅಧ್ಯಯನ ಎಂದು ಕರೆದಿದ್ದಾರೆ. ಆಸಕ್ತಿ ಹುಟ್ಟಿಸುವ ಸುಳಿವು ನಿಜ; ಇದೇ ಚರ್ಚೆಯಲ್ಲಿ 58 ಮಂದಿಯ ಪರೀಕ್ಷೆ 406 ಮಂದಿಯ ಪರೀಕ್ಷೆಯಾದಾಗ ಏನಾಯಿತು ಎಂಬುದನ್ನು ಈಗಷ್ಟೇ ಓದಿದ್ದೇವೆ.

ಕುಂಬಳೆಯವಳು

ನಾನು ಕಾಸರಗೋಡು ಕಡೆಯ ಫಿಸಿಯೋಥೆರಪಿಸ್ಟ್. ದುಗ್ಧನಾಳ ಕಟ್ಟಿಕೊಂಡು ಕೈಕಾಲು ಊದಿದವರು, ಅಂದರೆ ಆನೆಕಾಲು ರೋಗದವರು ಮತ್ತು ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರು, ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಅವರಿಗೆ ನಾವು ಮಾಡುವುದು ಎಮಿಲ್ ವೊಡರ್ ಎಂಬ ಡೆನ್ಮಾರ್ಕಿನವರು 1930ರ ದಶಕದಲ್ಲಿ ರೂಪಿಸಿದ, ಚರ್ಮವನ್ನು ತೀರ ಹಗುರವಾಗಿ ಎಳೆದು ಬಿಡುವ ಕ್ರಮ. ಆಸ್ಟಿಯೋಪಥಿಯ ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಕೆಲವು ಕೇಂದ್ರದವರು ಹಾಗೆ ಅಂದುಕೊಳ್ಳಲಿ ಎಂದೇ ಬಿಡುತ್ತಾರೆ.

ದುಗ್ಧರಸದ ಹರಿವಿಗೂ ಸೋಂಕಿಗೂ ನಂಟಿದೆ ಎಂಬುದನ್ನು ನಾನು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ದುಗ್ಧರಸ ನಿಂತ ಕಾಲಿನಲ್ಲಿ ಬೆರಳ ಸಂದಿಯ ಒಂದು ಸಣ್ಣ ಬಿರುಕಿನಿಂದಲೂ ಜ್ವರ, ಕೆಂಪು, ಉರಿ ಬರುತ್ತದೆ, ಪದೇ ಪದೇ ಬರುತ್ತದೆ. ಕಲಬುರಗಿ, ಬೀದರ್, ದಕ್ಷಿಣ ಕನ್ನಡದ ಆನೆಕಾಲು ರೋಗಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಕಾಲಿನ ಊತ ಮತ್ತು ಮರುಕಳಿಸುವ ಸೆಲ್ಯುಲೈಟಿಸ್ (ಚರ್ಮದ ಮತ್ತು ಅದರಡಿಯ ಸೋಂಕು) ಇದ್ದ 84 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿಗಿ ಕಾಲುಚೀಲ ಧರಿಸಿದವರಲ್ಲಿ ಶೇಕಡಾ 15 ಮಂದಿಗೆ, ಧರಿಸದವರಲ್ಲಿ ಶೇಕಡಾ 40 ಮಂದಿಗೆ ಸೋಂಕು ಮರಳಿತು. ವ್ಯತ್ಯಾಸ ಅಷ್ಟು ಸ್ಪಷ್ಟವಿದ್ದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಹರಿವು ನಿಜವಾಗಿ ಕೆಟ್ಟಿರುವ ಕಡೆ ಅದನ್ನು ಸರಿಪಡಿಸಿದರೆ ಆ ಅಂಗದ ರಕ್ಷಣೆ ಹೆಚ್ಚುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಹರಿವು ಸರಿಯಾಗಿರುವ ಆರೋಗ್ಯವಂತರಲ್ಲಿ ಅದನ್ನು ಇನ್ನಷ್ಟು ಓಡಿಸಿದರೆ ನೆಗಡಿ, ಜ್ವರ ಕಡಿಮೆಯಾಗುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ.

ಡಲ್ಲಾಸ್‌ನ ಅಕ್ಕನವರೇ, ಅತ್ತೆಯವರ ವಯಸ್ಸನ್ನು ನೀವು ಹೇಳಿಲ್ಲ. ಮೂಳೆ ಸವೆತ ಇರುವವರಿಗೆ ಎದೆಯನ್ನು ಒತ್ತಿದರೆ ಪಕ್ಕೆಲುಬು ಮುರಿಯುವ ಅಪಾಯವಿದೆ. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಪಾದದ ಪಂಪು ಮಾಡಲೇಬಾರದು. ಮಲೇರಿಯಾ, ಟೈಫಾಯ್ಡ್ ಅಥವಾ ಬೇರಾವ ಕಾರಣದಿಂದಲಾದರೂ ಗುಲ್ಮ ಊದಿದ್ದರೆ ಆ ಭಾಗವನ್ನು ಒತ್ತುವುದು ಪ್ರಾಣಾಪಾಯ. ಕುತ್ತಿಗೆಯ ಗಡ್ಡೆ ಕ್ಷಯದ್ದೋ ಕ್ಯಾನ್ಸರಿನದೋ ಎಂದು ಗೊತ್ತಾಗುವ ಮುನ್ನ ಅದರ ಮೇಲೆ ಕೈಯಾಡಿಸುವವರ ಬಳಿಗೆ ಹೋಗಬೇಡಿ. ಆಸ್ಪತ್ರೆಯಲ್ಲಿ ಇವನ್ನೆಲ್ಲ ನೋಡಿಕೊಂಡು ಮಾಡುತ್ತಾರೆ, ಪ್ಯಾಕೇಜ್ ಮಾರುವವರು ಕೇಳುತ್ತಾರೆಯೇ ಎಂಬುದನ್ನು ನಿಮ್ಮ ನಾದಿನಿ ಮೊದಲು ವಿಚಾರಿಸಲಿ.

ಡಲ್ಲಾಸ್‌ವಾಸಿ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರಿಗೆ 70 ದಾಟಿದೆ, ಮೂಳೆ ಸವೆತಕ್ಕೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಹಾಗಾದರೆ ಇಲ್ಲಿನ ವೈದ್ಯರು ಎದೆಯನ್ನು ಒತ್ತಿದ್ದೇ ತಪ್ಪಾಯಿತೇ?

ಮಿಸ್ಸೂರಿ ಕನ್ನಡಿಗ

ಹಾಗೆ ಹೇಳಲಾಗದು, ಮೇಡಂ. ಮೂಳೆ ಸವೆದವರಿಗೆ ಒತ್ತಡವನ್ನು ಬಹಳ ತಗ್ಗಿಸಿ ಮಾಡುವುದು ಅಥವಾ ಎದೆಯ ಪಂಪನ್ನು ಬಿಟ್ಟು ಪಾದದ ಕ್ರಮವನ್ನಷ್ಟೇ ಮಾಡುವುದು ನಮ್ಮಲ್ಲಿ ವಾಡಿಕೆ. ಯಾವ ಕ್ರಮವನ್ನು, ಯಾವಾಗ ಮಾಡಿದರು ಎಂಬುದು ಆಸ್ಪತ್ರೆಯ ದಾಖಲೆಯಲ್ಲಿ ಇರಬೇಕು; ಕೇಳಿ ಪಡೆದುಕೊಂಡು ಹಾಸನದ ವೈದ್ಯರಿಗೆ ಕಳುಹಿಸಿ. ಈಗಲೂ ಅವರಿಗೆ ಬೆನ್ನು ಅಥವಾ ಪಕ್ಕೆ ನೋವು ಇದ್ದರೆ ಒಂದು ಎಕ್ಸ್‌ರೇ ತೆಗೆಸಿ. ಬೆಂಗಳೂರಿನ ಪ್ಯಾಕೇಜಿನ ವಿಷಯದಲ್ಲಿ ಮೇಷ್ಟ್ರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ: ಆರೋಗ್ಯವಂತರಲ್ಲಿ ಇದರಿಂದ ಸೋಂಕು ತಗ್ಗುತ್ತದೆಂದು ತೋರಿಸುವ ದೊಡ್ಡ ಪರೀಕ್ಷೆ ನನ್ನ ಕೈಯಲ್ಲೂ ಇಲ್ಲ. ನ್ಯುಮೋಕಾಕಸ್ ಲಸಿಕೆಯೂ ವರ್ಷವರ್ಷದ ಇನ್‌ಫ್ಲುಯೆಂಜಾ ಲಸಿಕೆಯೂ ಅವರಿಗೆ ಆಗಿದೆಯೇ?

ಡಲ್ಲಾಸ್‌ವಾಸಿ

ಇನ್‌ಫ್ಲುಯೆಂಜಾದ್ದು ಇಲ್ಲಿದ್ದಾಗ ಆಗಿದೆ, ನ್ಯುಮೋಕಾಕಸ್‌ನದು ಆಗಿಲ್ಲ. ನಾದಿನಿಗೆ ಈ ರಾತ್ರಿಯೇ ಹೇಳುತ್ತೇನೆ.